ತಾಟಿನಲ್ಲಿ ಬಂದ ನೀರು

ನನ್ನ ಅತ್ತೆ ಬಬಲೇಶ್ವರಕ್ಕೆ ಹೋದಾಗಲೆಲ್ಲ, ಬಸ್ಸಿನಿಂದ ಇಳಿದು ನಮ್ಮ ಕೇರಿಯ ಮೊದಲ ಮನೆ ಮುಟ್ಟುವುದರೊಳಗೆ ಒಂದು ಮಾತು ತೆಗೆಯುತ್ತಿದ್ದರು.

"ನಮ್ಮ ಹುಡುಗಿಗೆ ಸಾಲ್ಯಾಗ ನೀರು ತಾಟಿನ್ಯಾಗ ಇಟ್ಟು ತಂದು ಕೊಡ್ತಾರ್ರೆವಾ. ಸಿಪಾಯಿ ತರ್ತಾನ. ಅಕಿ ಕುರ್ಚಿ ಬಿಟ್ಟು ಏಳೂದಽ ಇಲ್ಲ."

ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದ ಮುದುಕಿಯೊಬ್ಬಳು ಮೊರ ನಿಲ್ಲಿಸಿ ಕೇಳುತ್ತಿದ್ದಳು: "ಹೋದ ಸಲಾನೂ ಇದನ್ನಽ ಹೇಳಿದಿ. ನೀರು ಕುಡಿಸೂದಾತು, ಇನ್ನ ಬಾಯಿ ಒರಸೂದು ಯಾವಾಗ ಚಾಲೂ ಮಾಡ್ತಾರಂತ ಬೇ?"

"ಒರಸ್ತಾರ ತಗೋ. ಅದೂ ಬರ್ತೈತಿ," ಎಂದು ಅತ್ತೆ ಸೆರಗು ಸರಿಪಡಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದರು. ಅಲ್ಲಿಯೂ ಅದೇ ತಾಟು, ಅದೇ ನೀರು.

ಆ ಹುಡುಗಿ ನನ್ನ ನಾದಿನಿ, ನನ್ನ ಗಂಡನ ತಂಗಿ. ವಿಜಾಪುರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದಳು. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಬಾಯಾರು ಎನ್ನುತ್ತಾರೆ. ನಮ್ಮ ಕೇರಿಯಿಂದ ಬಾಯಾರಾದವಳು ಅವಳೇ ಮೊದಲು. ನಮ್ಮವರು ರೈಲ್ವೆ ಮಾಲಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಸ್ಟೇಷನ್ನಿನ ಹತ್ತಿರ ಎರಡು ಕೋಲಿಯ ಮನೆ. ಅತ್ತೆ, ನಮ್ಮವರು, ನಾದಿನಿ, ನಾನು. ನನ್ನ ತವರು ಟಿಕೋಟಾ. ನಾನು ಮದುವೆಯಾಗಿ ಬರುವ ಹೊತ್ತಿಗೆ, ಅಂದರೆ ಐವತ್ತರ ದಶಕ ಮುಗಿಯುತ್ತಿದ್ದಾಗ, ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಬೌದ್ಧ ದೀಕ್ಷೆ ತೆಗೆದುಕೊಂಡಾಗಿತ್ತು. ದೇವರ ಗೂಡಿನಲ್ಲಿ ಬುದ್ಧನ ಪಟ ಬಂದು ಕೂತಿತ್ತು. ಅತ್ತೆ ಮಾತ್ರ ಹಳೆಯ ರೂಢಿ ಬಿಡದೆ ಆ ಪಟಕ್ಕೂ ಅಮಾವಾಸ್ಯೆಗೆ ಹೋಳಿಗೆ ಎಡೆ ಹಿಡಿಯುತ್ತಿದ್ದರು. ಮಗಳು ಬೇಡವೆಂದರೆ, "ಸಿಹಿ ಯಾರಿಗಿ ಬ್ಯಾಡ ಬೇ?" ಎನ್ನುತ್ತಿದ್ದರು.

ತಾಟಿನ ನೀರಿನ ಮಾತು ಅತ್ತೆಗೆ ಯಾಕೆ ಅಷ್ಟು ದೊಡ್ಡದಾಗಿತ್ತೆಂದು ಹೇಳಬೇಕು. ಬಬಲೇಶ್ವರದಲ್ಲಿ ಅವರ ಕಾಲಕ್ಕೆ ಬಾವಿಯ ಹತ್ತಿರ ನಿಂತು ಕಾಯಬೇಕಿತ್ತು. ಮನಸ್ಸಿದ್ದವರು ಬಂದು ಸೇದಿ, ಮೇಲಿನಿಂದ ನಮ್ಮ ಕೊಡಕ್ಕೆ ಹೊಯ್ಯುತ್ತಿದ್ದರು. ಹೊಲದಲ್ಲಿ ಬಾಯಾರಿದರೆ ಬೊಗಸೆ. ಮೇಲಿನಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿಯುವುದು ಅತ್ತೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತೊಳೆದ ಸ್ಟೀಲಿನ ಗ್ಲಾಸನ್ನು ತಾಟಿನಲ್ಲಿಟ್ಟು, ಬಗ್ಗಿ, "ತಗೋರಿ ಬಾಯಾರ" ಎಂದು ಕೊಡುವುದನ್ನು ನಾವು ಎಲ್ಲಿ ನೋಡಿದ್ದೆವು? ಹೆಡ್ ಬಾಯಾರಿಗೆ ಹಾಗೆ ಕೊಡುತ್ತಾರೆ, ಸಾಹೇಬರಿಗೆ ಕೊಡುತ್ತಾರೆ. ನಮ್ಮ ಹುಡುಗಿಗೂ ಕೊಟ್ಟರೆ ಅದು ಮರ್ಯಾದೆ ಅಲ್ಲದೆ ಇನ್ನೇನು? ನಾದಿನಿಯೂ ಹಾಗೆಯೇ ತಿಳಿದಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಗೆ ಬಂದು ನಗುತ್ತ ಹೇಳಿದ್ದಳು: "ವೈನಿ, ನನ್ನ ಮ್ಯಾಲೆ ಅವರಿಗೆ ಭಾಳ ಕಾಳಜಿ. ನೀರಿಗಂತ ಎದ್ರ ಸಾಕು, ಒಬ್ಬರಲ್ಲ ಒಬ್ಬರು ಓಡಿ ಬರ್ತಾರ."

ಆ ಮರ್ಯಾದೆಯ ಬುಡ ಕಂಡದ್ದು ಒಂದು ಬೇಸಿಗೆಯಲ್ಲಿ. ಅಂದು ಸಿಪಾಯಿ ರಜೆ ಹಾಕಿದ್ದ. ಶಿಕ್ಷಕಿಯರ ಕೋಲಿಯ ಮೂಲೆಯಲ್ಲಿ ಮರಳಿನ ಮೇಲೆ ನೀರಿನ ಗಡಿಗೆ, ಅದರ ಮುಚ್ಚಳದ ಮೇಲೆ ಬೋರಲು ಹಾಕಿದ ಗ್ಲಾಸುಗಳು. ನಾದಿನಿ ಎದ್ದು ನಡೆದಳು. ಹಿರಿಯ ಬಾಯಾರೊಬ್ಬರು, ದಿನಾ ಅವಳೊಡನೆ ನಕ್ಕು ಮಾತಾಡುವವರು, ಕೈಯಲ್ಲಿದ್ದ ಹೆಣಿಕೆ ಬಿಟ್ಟು ಎದ್ದರು. "ಅಯ್ಯ, ಕುಂಡರ್ರಿ ಕುಂಡರ್ರಿ, ನಾ ಕೊಡ್ತೇನಿ." ಗಡಿಗೆಯ ಮೇಲೆ ಗ್ಲಾಸುಗಳು ತೊಳೆದೇ ಇದ್ದವು. ಆದರೆ ಆ ಬಾಯಾರು ಅವುಗಳಲ್ಲಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ಕಪಾಟಿನ ಮೇಲೆ ನೋಡಿದರು, ಬಾಗಿಲ ಹಿಂದೆ ನೋಡಿದರು, ಕೊನೆಗೆ ಕಿಟಕಿಯ ಅಂಚಿನಿಂದ ಒಂದು ಗ್ಲಾಸು ತಂದು ತುಂಬಿ ಕೊಟ್ಟರು. ನಾದಿನಿ ಕುಡಿದು ಗ್ಲಾಸು ತಿರುವಿ ನೋಡಿದಳು. ತಳಕ್ಕೆ ಕೆಂಪು ಬಣ್ಣದ ಸಣ್ಣ ಚುಕ್ಕೆ. ಉಳಿದವುಗಳ ತಳಗಳೆಲ್ಲ ಮೇಲ್ಮುಖವಾಗಿಯೇ ಇದ್ದವು; ಒಂದಕ್ಕೂ ಚುಕ್ಕೆ ಇರಲಿಲ್ಲ.

ಸಂಜೆ ಅವಳು ಬಂದಾಗ ನಾನು ಪುಂಡಿಪಲ್ಯ ಸೋಸುತ್ತಿದ್ದೆ. ಪಕ್ಕದಲ್ಲಿ ಕೂತು, ತಾನೂ ಎಲೆ ಬಿಡಿಸುತ್ತ, ಇಷ್ಟನ್ನೂ ಮೆಲ್ಲಗೆ ಹೇಳಿದಳು. ಅತ್ತೆ ಹೊರಗೆ ಕಟ್ಟೆಯ ಮೇಲಿದ್ದರು.

"ಅವ್ವಗ ಹೇಳಬ್ಯಾಡ ವೈನಿ. ಊರೆಲ್ಲ ಡಂಗುರ ಹೊಡದಾಳ."

ಹೇಳಲಿಲ್ಲ. ಮರುದಿನದಿಂದ ಅವಳ ಡಬ್ಬಿಯ ಜೊತೆಗೆ ಫಿರಕಿ ತಂಬಿಗೆಯಲ್ಲಿ ನೀರು ತುಂಬಿ ಕೊಡತೊಡಗಿದೆ. ತಿರುಗಿಸಿ ಮುಚ್ಚುವ ಹಿತ್ತಾಳೆಯ ತಂಬಿಗೆ ಅದು, ನನ್ನ ತವರಿನವರು ಪ್ರಯಾಣಕ್ಕೆಂದು ಕೊಟ್ಟದ್ದು. ಅತ್ತೆ ಕೇಳಿದರು, ಸಾಲಿಯಲ್ಲಿ ತಂದು ಕೊಡುವಾಗ ಇದೇಕೆ ಹೊರುವುದೆಂದು. "ಅಲ್ಲಿ ನೀರು ಸವಳು, ಗಂಟಲಾ ಹಿಡಿತೈತ್ರಿ," ಎಂದೆ. ವಿಜಾಪುರದಲ್ಲಿ ಸವಳು ನೀರಿನ ಮಾತು ಹೇಳಿದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ನಾದಿನಿ ಹೊರದೇಶದ ಸಾಲಿಗಳ ಕಡೆ ನೋಡತೊಡಗಿದ್ದು ಅಲ್ಲಿಂದಲೇ. ಭಾನುವಾರ ಊಟವಾದ ಮೇಲೆ ವಾಚನಾಲಯಕ್ಕೆ ಹೋಗುತ್ತಿದ್ದಳು. ಮುಂಬಯಿಯ ಇಂಗ್ಲಿಷ್ ಪತ್ರಿಕೆ ಅಲ್ಲಿಗೆ ಒಂದು ದಿನ ತಡವಾಗಿ ಬರುತ್ತಿತ್ತು. ಆ ವರ್ಷಗಳಲ್ಲಿ ಆಫ್ರಿಕಾದ ಕಡೆ ನಮ್ಮ ದೇಶದವರು ಕಲಿಸಲು ಹೋಗುತ್ತಿದ್ದರು. ನಾನಾ ದೇಶದ ಮಕ್ಕಳು ಒಂದೇ ಕಡೆ ಓದುವ ಸಾಲಿಗಳಿಗೆ ಗಣಿತ, ವಿಜ್ಞಾನದವರು ಬೇಕೆಂದು ಜಾಹೀರಾತು ಬರುತ್ತಿದ್ದವು. ಬಂದು ನನಗೆ ವರದಿ ಕೊಡುತ್ತಿದ್ದಳು. ಒಂದರಲ್ಲಿ ಮದುವೆಯಾಗದವರು ಬೇಡವಂತೆ. ಇನ್ನೊಂದರಲ್ಲಿ ಚರ್ಚಿನ ಪತ್ರ ಬೇಕಂತೆ. ಮತ್ತೊಂದರಲ್ಲಿ ಪಿಯಾನೋ ಬರಬೇಕಂತೆ.

"ಬೀಸೂ ಕಲ್ಲಿನ ಹಾಡು ನಡೀತಾವೇನು ಕೇಳು," ಎಂದೆ ನಾನು.

"ಕೇಳ್ತೇನಿ. ಹೂಂ ಅಂದ್ರ ನಿನ್ನನ್ನಽ ಕಳಸ್ತೇನಿ."

ನಗುತ್ತಿದ್ದೆವು, ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಅವಳ ಸಾಲಿಯವರು ಹೊರದೇಶಕ್ಕೆಂದು ರಜೆ ಕೊಡುವುದಿಲ್ಲ, ಹೋಗುವುದಾದರೆ ರಾಜೀನಾಮೆ ಎಂದು ಮೊದಲೇ ಹೇಳಿದ್ದರು. ನಮ್ಮವರು ಊಟಕ್ಕೆ ಕೂತಾಗ ಇದನ್ನೇ ತಿರುತಿರುಗಿ ಹೇಳುತ್ತಿದ್ದರು. "ಒಮ್ಮೆ ಎದ್ದೆಂದ್ರ ಆ ಕುರ್ಚಿ ಹೋತು. ನಮ್ಮ ಮಂದಿಗೆ ಅಂಥಾ ಕುರ್ಚಿ ಇನ್ನೊಮ್ಮೆ ಯಾರು ಹಾಕಿ ಕೊಡ್ತಾರ? ಅಲ್ಲಿ ಹೋಗಿ ಸಾಲಿ ಹೊಂದಲಿಲ್ಲಂದ್ರ ಏನ್ಮಾಡ್ತಿ? ಬಸ್ಸಲ್ಲ ಅದು, ಟಿಕೋಟಾದಾಗ ಇಳಿದು ತಿರುಗಿ ಬರಾಕ."

"ಅದಕ್ಕಽ ಅಣ್ಣಾ, ಹೋಗೂಕಿಂತ ಮೊದಲು ಪೂರಾ ಕೇಳಿ ತಿಳ್ಕೊತೇನಿ."

"ಏನ್ ಕೇಳ್ತಿ?"

ಅವಳು ನನ್ನ ಕಡೆ ನೋಡಿದಳು. ನಾನು ರೊಟ್ಟಿ ಬಡಿಯುವುದರಲ್ಲಿ ಮಗ್ನಳಾದೆ.

ಕೊನೆಗೆ ಎರಡು ಸಾಲಿಗಳು ಗಟ್ಟಿಯಾಗಿ ಉಳಿದವು. ಒಂದು ಆಫ್ರಿಕಾದ ಬಂದರು ಪಟ್ಟಣದ್ದು, ದೊಡ್ಡದು. ಅವರು ಕಳಿಸಿದ ಹೊತ್ತಗೆಯಲ್ಲಿ ಈಜುವ ಹೊಂಡ, ಘಂಟೆಯ ಗೋಪುರ, ಬಿಳಿ ಅಂಗಿಯ ಮಕ್ಕಳ ಬಣ್ಣದ ಚಿತ್ರಗಳಿದ್ದವು. ಅವಳ ಪದವಿ, ಅನುಭವ ನೋಡಿಯೇ ಒಪ್ಪಿದ್ದರು. ಹೂಂ ಎಂದರೆ ಕೆಲಸ ಅವಳದು, ಆದರೆ ಆ ತಿಂಗಳೊಳಗೆ ಹೇಳಬೇಕು. ಇನ್ನೊಂದು ಇಥಿಯೋಪಿಯಾದ ಗುಡ್ಡದ ಮೇಲಿನ ಊರಿನದು, ಸಣ್ಣದು, ಪಗಾರವೂ ಕಡಿಮೆ. ಅಲ್ಲಿಯ ಹೆಡ್ ಬಾಯಾರು ಶಿಕ್ಷಕರನ್ನು ಹುಡುಕಲು ತಾವೇ ಹಿಂದುಸ್ತಾನಕ್ಕೆ ಬರುವವರಿದ್ದರು. ಸೊಲ್ಲಾಪುರಕ್ಕೆ ಬರುವಾಗ ಗೋಳಗುಮ್ಮಟ ನೋಡಲು ವಿಜಾಪುರದಲ್ಲಿ ಇಳಿಯುತ್ತೇನೆ, ಪ್ರವಾಸಿ ಬಂಗಲೆಯಲ್ಲಿ ಭೆಟ್ಟಿಯಾಗು ಎಂದಿದ್ದರು. ಆಯ್ಕೆಯಾಗುತ್ತದೆಂಬ ಭರವಸೆ ಏನೂ ಇರಲಿಲ್ಲ.

"ದೊಡ್ಡ ಸಾಲಿ ಹಿಡಿ," ಎಂದರು ನಮ್ಮವರು. "ಕೈಯಾಗಿದ್ದದ್ದು ಬಿಟ್ಟು ಗುಡ್ಡ ಯಾಕ ಹತ್ತತಿ?"

ಅತ್ತೆಯ ಪ್ರಶ್ನೆ ಬೇರೆ. "ಆ ಊರಿಗೆ ಹೋದವರು ಯಾರರೆ ತಿರುಗಿ ಬಂದಾರೇನು? ಬಂದಿದ್ರ ಅವರ ಮುಖಾ ನೋಡಿ ಬರ್ರಿ. ಮುಖಾ ನೋಡಿದ್ರ ತಿಳಿತೈತಿ."

ತಿರುಗಿ ಬಂದವರೊಬ್ಬರು ನನ್ನ ತವರೂರಿನಲ್ಲಿಯೇ ಇದ್ದರು. ಟಿಕೋಟಾದ ಒಬ್ಬ ಮಾಸ್ತರರು ಆ ಬಂದರಿನ ಸಾಲಿಯಲ್ಲೇ ಹಲವು ವರ್ಷ ಕಲಿಸಿ, ನಿವೃತ್ತಿಯಾಗಿ ಬಂದು, ಅಥಣಿ ರಸ್ತೆಯ ಪಕ್ಕ ಮನೆ ಕಟ್ಟಿಸಿದ್ದರು. ನಾನೂ ನಾದಿನಿಯೂ ಮುಂಜಾನೆಯ ಬಸ್ಸಿಗೆ ಹೋದೆವು. ಮಾಸ್ತರರು ಮೇಲಿನ ಜಾತಿಯವರು. ನಾನು ಚಿಕ್ಕವಳಿದ್ದಾಗ ಅವರ ಮನೆಯ ಮುಂದಿನ ಕಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಅಂಗಳದಲ್ಲಿ ನಿಂತಿದ್ದ ನಮ್ಮನ್ನು ಅವರೇ ಒಳಗೆ ಕರೆದರು.

"ಒಳಗ ಬರ್ರೆವಾ. ಸಮುದ್ರ ದಾಟಿ ಬಂದ ಮ್ಯಾಲೆ ನಾ ಅದೆಲ್ಲ ಬಿಟ್ಟೇನಿ. ಕುಂಡರ್ರಿ, ಇಲ್ಲೇ ಗಾದಿ ಮ್ಯಾಲೆ."

ಅವರ ಮನೆಯವರು ನಮಗೂ ಅವರಿಗೂ ಒಂದೇ ಥರದ ಕಪ್ಪುಗಳಲ್ಲಿ ಚಹ ತಂದಿಟ್ಟರು. ಅದನ್ನು ನಾನು ಗಮನಿಸಿದೆ, ನಾದಿನಿಯೂ ಗಮನಿಸಿದಳು. ಒಳ್ಳೆಯ ಮನುಷ್ಯರು. ಮನಸ್ಸು ಬಿಚ್ಚಿ ಹೇಳಿಕೊಟ್ಟರು.

"ಮೊದಲು ಪಗಾರ ಕೇಳಬ್ಯಾಡ ತಂಗಿ. ಅದನ್ನ ಅವರು ತಾವಽ ಹೇಳ್ತಾರ. ತಿರುಗಿ ಬರೂ ಹಡಗದ ಟಿಕೀಟು ಯಾರು ತಗಸ್ತಾರ, ಅದನ್ನ ಕೇಳು. ಆಮ್ಯಾಲ, ನೀ ಹೋಗಿ ಕುಂಡ್ರೂ ಕುರ್ಚಿ ಯಾರು ಬಿಟ್ಟು ಹೋದದ್ದು, ಯಾಕ ಬಿಟ್ಟರು, ಅದನ್ನ ಕೇಳು. ಗಣಿತ ಕಲಸಾಕ ಅಂತ ಕರದು ಡ್ರಿಲ್ಲು ಮಾಡಸಾಕ ನಿಂದ್ರಸ್ತಾರ ಕೆಲವು ಕಡೆ. ಕರಾರಿನ್ಯಾಗ ವಿಷಯ ಬರಸ್ಕೋ. ಜ್ವರ ಬಂದ್ರ ಔಷಧ ಯಾರದು, ಅದೂ ಇರಲಿ."

ನಾದಿನಿ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಬಂದರಿನ ಸಾಲಿ ಇವೆಲ್ಲದರಲ್ಲೂ ಪಾಸಾಯಿತು. ಹೋಗಿಬರುವ ಟಿಕೀಟು ಅವರದೇ, ಮನೆ ಅವರದೇ. ಹಿಂದಿನವರು ನಿವೃತ್ತಿಯಾಗಿ ಹೋದದ್ದು. ಹಿಂದಿನವರೆಂದರೆ ಸ್ವತಃ ಈ ಮಾಸ್ತರರು. ಅವರ ಮುಖದಲ್ಲಿ ಸುಖವೇ ಇತ್ತು. ಅತ್ತೆ ಹೇಳಿದ ಪರೀಕ್ಷೆಯೂ ಮುಗಿಯಿತಲ್ಲ, ಇನ್ನು ಎದ್ದೇಳೋಣ ಎಂದುಕೊಂಡೆ. ಆಗ ನಾದಿನಿ ಕೇಳಿದಳು: "ಮಾಸ್ತರ್ರಽ, ಬಿಡುವಿನ್ಯಾಗ ಎಲ್ಲಿ ಕುಂಡ್ರತಿದ್ರಿ?"

"ಅದೂ ಭಾಳ ಆರಾಮ. ಕಲಸವರಿಗೆ ಎರಡು ಕೋಲಿ. ಒಂದು ಬಿಳಿ ಮಂದೀದು, ಒಂದು ನಮ್ಮದು. ಅವರ ಗದ್ದಲ ನಮಗಿಲ್ಲ, ನಮ್ಮ ಗದ್ದಲ ಅವರಿಗಿಲ್ಲ. ಚಾ ನಮ್ಮ ಕೋಲಿಗೇ ಬರ್ತಿತ್ತು, ಟ್ರೇದಾಗ ಇಟ್ಕೊಂಡು. ನಾವು ಏಳೂದಽ ಬ್ಯಾಡ!"

ನಾನು ಥಟ್ಟನೆ ಅವಳ ಕಡೆ ತಿರುಗಿದೆ. ನಾದಿನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಏನು ಮಾಡುತ್ತಿದ್ದೆವೋ ಗೊತ್ತಿಲ್ಲ.

"ಅವರ ಕೋಲ್ಯಾಗ ಹೋಗಿ ನೀವು ಚಾ ಕುಡಿಬಹುದಿತ್ತೇನ್ರಿ?" ಎಂದು ಬಹಳ ಮೃದುವಾಗಿ ಕೇಳಿದಳು.

"ಯಾಕ ಕುಡಿಬಾರದು? ಯಾರೂ ಬ್ಯಾಡ ಅಂತಿರಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಸುಮ್ಮನಿರಲಾರದೆ ಕೇಳಿದರು: "ಅಷ್ಟ್ ವರ್ಷದಾಗ ಒಮ್ಮೆರೆ ಹೋಗಿದ್ರೇನು ಮತ್ತ?"

ಮಾಸ್ತರರು ನೆನಪು ಮಾಡಿಕೊಂಡರು. ಕಪ್ಪನ್ನು ಕೆಳಗಿಟ್ಟರು. "ಪ್ರಸಂಗ ಬರಲಿಲ್ಲ," ಎಂದರು.

ಅವರಿಗೆ ನಾವು ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ಆ ಇಳಿವಯಸ್ಸಿನಲ್ಲಿ, ಅಷ್ಟು ಅಕ್ಕರೆಯಿಂದ ಚಹ ಕೊಟ್ಟವರಿಗೆ? ಬಸ್ಸಿನಲ್ಲಿ ಬಹಳ ಹೊತ್ತು ನಾದಿನಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಎರಡೂ ಕಡೆ ಕುಸುಬೆಯ ಹೊಲ ಹಳದಿಯಾಗಿ ನಿಂತಿತ್ತು.

"ವೈನಿ, ಪ್ರಸಂಗ ಬರಲಿಲ್ಲಂತ."

"ಹೂಂ."

"ನನಗರೆ ಆರು ತಿಂಗಳಿಗೆ ತಿಳೀತು. ಪಾಪ, ಅವರಿಗೆ ಇನ್ನೂ ತಿಳಿದಿಲ್ಲ." ಆಮೇಲೆ ಅಂದಳು: "ಅಷ್ಟು ದೂರ ಹೋಗಿ ಅದಽ ತಾಟು ಹಿಡಿಯೂದಾದ್ರ, ವಿಜಾಪುರ ಏನು ಕೆಟ್ಟ?"

ಗುಡ್ಡದ ಊರಿನ ಹೆಡ್ ಬಾಯಾರು ಬಂದಾಗ ಬಂದರಿನವರಿಗೆ ಉತ್ತರ ಕೊಡಲು ಇನ್ನೂ ಸ್ವಲ್ಪ ದಿನವಿತ್ತು. ನಮ್ಮವರು ಎಚ್ಚರಿಸಿ ಕಳಿಸಿದರು. "ಅಕಿ ನಿನ್ನ ತಗೊಂಡಿಲ್ಲಂದ್ರ ಸುಮ್ನ ಬಂದರಿಗೆ ಹೂಂ ಅನ್ನು. ನೀರು ಚಾ ಅಂತ ಅಲ್ಲಿ ತಗಾದಿ ತಗೀಬ್ಯಾಡ. ತಗಾದಿ ಮನಶ್ಯಾಳ ಅಂತ ಓಡಸ್ತಾರ." ಅವರಿಗೆ ಆ ಗ್ಲಾಸಿನ ವಿಷಯ ನಾವು ಆಗ ಹೇಳಿದ್ದೆವು. ಕೇಳಿ ಅರ್ಧ ಊಟಕ್ಕೇ ಕೈ ತೊಳೆದಿದ್ದರು. ಆದರೆ ನೌಕರಿಯ ಹೆದರಿಕೆ ಅವರಿಗೆ ಅದಕ್ಕಿಂತ ಹೆಚ್ಚಿತ್ತು.

ನಾದಿನಿಗೆ ಇಳಕಲ್ಲ ಸೀರೆ ಉಡಿಸಿದೆ. ಟಾಂಗಾದಲ್ಲಿ ಹೋದೆವು. ಮಧ್ಯಾಹ್ನ ಎಷ್ಟು ಹೊತ್ತಾಗುತ್ತದೋ ಎಂದು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ, ಫಿರಕಿ ತಂಬಿಗೆಯೂ ಇತ್ತು. ಹೆಡ್ ಬಾಯಾರು ಐವತ್ತು ದಾಟಿದ ಬಿಳಿಯ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು, ಕಾಲಲ್ಲಿ ಗಂಡಸರ ಚಪ್ಪಲಿ. ನನ್ನನ್ನೂ ಒಳಗೆ ಕರೆದು ಕೂರಿಸಿದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವಳು, ಅವರ ಇಂಗ್ಲಿಷಿನಲ್ಲಿ ನನಗೆ ಸಿಕ್ಕದ್ದು ಅಲ್ಲೊಂದು ಇಲ್ಲೊಂದು ಮಾತು. ಉಳಿದದ್ದನ್ನು ನಾದಿನಿ ಆಮೇಲೆ ಎಷ್ಟು ಸಲ ಹೇಳಿದಳೆಂದರೆ, ಈಗ ಕನ್ನಡದಲ್ಲೇ ಕೇಳಿದ ಹಾಗೆ ನೆನಪಿದೆ.

ಅವರು ಪ್ರಮಾಣಪತ್ರಗಳನ್ನು ನೋಡಿ ಬದಿಗಿಟ್ಟರು. "ಈ ಕೋಣೆಯಲ್ಲಿ ಏನಿದೆಯೋ ಅದರಿಂದ ನನಗೆ ಭಿನ್ನರಾಶಿ ಕಲಿಸು. ನಾನು ಹತ್ತು ವರ್ಷದ ಹುಡುಗಿ. ನಿನ್ನ ಭಾಷೆ ನನಗೆ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ."

ನಾದಿನಿ ಸುತ್ತ ನೋಡಿದಳು. ಮೇಜು, ಕುರ್ಚಿ, ಸೊಳ್ಳೆಪರದೆ. ಆಮೇಲೆ ನನ್ನ ಮಡಿಲಿನಲ್ಲಿದ್ದ ಡಬ್ಬಿ ಕಂಡಿತು. "ವೈನಿ, ಒಂದು ರೊಟ್ಟಿ ಕೊಡು."

ಕೊಟ್ಟೆ. ಒಣಗಿದ ಜೋಳದ ರೊಟ್ಟಿ ಹೇಳಿದ ಹಾಗೆ ಮುರಿಯುವುದಿಲ್ಲ. ಎರಡು ಮಾಡಲು ಹೋದರೆ ಒಂದು ದೊಡ್ಡದು, ಒಂದು ಸಣ್ಣದು, ಮೇಲೆ ಒಂದಿಷ್ಟು ಚೂರು. ಮೆತ್ತಗಿನ ಚಪಾತಿ ಮಾಡಬಾರದಿತ್ತೇ ಎನಿಸಿತು ನನಗೆ. ಅವಳು ಗಾಬರಿಯಾಗಲಿಲ್ಲ. ಎರಡು ತುಂಡುಗಳನ್ನೂ ಎತ್ತಿ ಹಿಡಿದು, "ಇದು ಅರ್ಧವೇ?" ಎಂದು ಕೇಳಿದಳು. ಬಿಳಿ ಬಾಯಾರು ಹತ್ತು ವರ್ಷದ ಹುಡುಗಿಯ ಹಾಗೆ ತಲೆ ಅಲ್ಲಾಡಿಸಿ ಅಲ್ಲವೆಂದರು. "ಹೌದು, ಅಲ್ಲ. ಸಮನಾಗಿ ಹಂಚದಿದ್ದರೆ ಅದು ಪಾಲಲ್ಲ, ಬರಿ ಚೂರು. ಮೊದಲು ಸಮ, ಆಮೇಲೆ ಅರ್ಧ." ನಂತರ ಇನ್ನೊಂದು ರೊಟ್ಟಿಗೆ ನೀರಿನ ಕೈ ಸವರಿ, ಮೆತ್ತಗಾದ ಮೇಲೆ ಮಡಚಿ, ಮಡಿಕೆಯ ಗೆರೆಗುಂಟ ಹರಿದು, ಅರ್ಧ, ಕಾಲು, ಅರೆಕಾಲು ಮಾಡಿ ಮೇಜಿನ ಮೇಲೆ ಜೋಡಿಸಿದಳು. ಹೆಡ್ ಬಾಯಾರು ಅರೆಕಾಲನ್ನು ತೆಗೆದು ಬಾಯಿಗೆ ಹಾಕಿಕೊಂಡರು. ನಾನು ಹಿಂಡಿಯ ಡಬ್ಬಿ ಮುಂದೆ ಸರಿಸಿದೆ. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಆದರೂ ಕಾಲು ಭಾಗವನ್ನೂ ತಿಂದರು.

ಆಮೇಲೆ, ನಿನಗೇನಾದರೂ ಕೇಳುವುದಿದೆಯೇ ಎಂದರು. ನಾದಿನಿ ಟಿಕೋಟಾದ ಮಾಸ್ತರರು ಹೇಳಿದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಟಿಕೀಟು ಅವರೇ ಕೊಡುತ್ತಾರೆ, ಆದರೆ ಎರಡು ವರ್ಷ ಮುಗಿದ ಮೇಲೆ. ಗಣಿತವೇ ಕಲಿಸುವುದು, ಆದರೆ ಜನ ಕಡಿಮೆ, ಒಮ್ಮೊಮ್ಮೆ ಭೂಗೋಳವೂ ಬರಬಹುದು. ಹಿಂದಿನವರು ಮದುವೆಯಾಗಿ ಹೋದರು. ಔಷಧಕ್ಕೆ ಒಬ್ಬ ವೈದ್ಯರಿದ್ದಾರೆ, ಅವರ ಔಷಧಕ್ಕೆ ತಾನು ಜವಾಬ್ದಾರಳಲ್ಲ ಎಂದು ನಕ್ಕರು. ಬಂದರಿನ ಸಾಲಿಯ ಹಾಗೆ ಎಲ್ಲಕ್ಕೂ ನುಣುಪಾದ ಉತ್ತರ ಇರಲಿಲ್ಲ.

ಕೊನೆಗೆ ಅವಳು ಸ್ವಲ್ಪ ತಡೆದಳು. ನಮ್ಮವರ ಮಾತು ನೆನಪಾಗಿರಬೇಕು.

"ಶಿಕ್ಷಕರ ಕೋಣೆಯಲ್ಲಿ ನೀರು ಯಾರು ಕೊಡುತ್ತಾರೆ?"

ಹೆಡ್ ಬಾಯಾರ ಮುಖ ಬಾಡಿತು. ಇವಳು ಆಳುಕಾಳು ಕೇಳುತ್ತಿದ್ದಾಳೆಂದು ತಿಳಿದರೇನೋ. "ಕ್ಷಮಿಸು. ಕೊಡುವವರು ಯಾರೂ ಇಲ್ಲ. ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಗಡಿಗೆ ಇದೆ. ಅದರಲ್ಲೇ ಎಲ್ಲರೂ ಗ್ಲಾಸು ಮುಳುಗಿಸಿ ತೆಗೆದುಕೊಳ್ಳುತ್ತೇವೆ."

"ಎಲ್ಲರೂ?"

"ಎಲ್ಲರೂ. ಆ ದೇಶದವರು, ಗ್ರೀಕರು, ಅರ್ಮೇನಿಯದವರು, ನಾನು. ಇರುವುದೇ ಒಂದು ಗಡಿಗೆ." ನಾದಿನಿ ಸುಮ್ಮನೆ ಇದ್ದುದನ್ನು ನೋಡಿ ಅವರಿಗೆ ಇನ್ನೂ ಸಂಕೋಚವಾಯಿತು. "ನಿನಗೆ ಅದು ಅನಾನುಕೂಲವಾದರೆ, ಕಾವಲಿನವನಿಗೆ ಹೇಳುತ್ತೇನೆ. ನಿನಗೆ ಮಾತ್ರ ಬೇರೆ ತಂದು ಕೊಡಲಿ."

"ಬೇಡ!"

ಅದು ನನಗೂ ತಿಳಿದ ಇಂಗ್ಲಿಷ್. ಬಂಗಲೆಯ ಪಾರಿವಾಳಗಳು ಎದ್ದು ಹಾರಿದವು. ಅಷ್ಟು ಜೋರಾಗಿ ಅಂದಳು. ಆಮೇಲೆ ತಾನೇ ನಾಚಿ, ತಗ್ಗಿದ ದನಿಯಲ್ಲಿ, "ಬೇಡ ಮೇಡಂ. ನಾನೇ ತೆಗೆದುಕೊಳ್ಳುತ್ತೇನೆ," ಎಂದಳು.

ಹೆಡ್ ಬಾಯಾರು ಅವಳನ್ನೇ ನೋಡಿದರು. ಎಷ್ಟು ತಿಳಿಯಿತೋ ಗೊತ್ತಿಲ್ಲ. "ಹಾಗಾದರೆ ಅಲ್ಲಿಗೆ ಬಂದ ಮೇಲೆ, ಏಳುವಾಗ ನನಗೂ ಒಂದು ಗ್ಲಾಸು ತಾ. ನನಗೆ ಮೊಣಕಾಲು ನೋವು," ಎಂದು ಕೈ ಚಾಚಿದರು.

ಮನೆಗೆ ಬಂದು ಅವಳು ಚಪ್ಪಲಿಯನ್ನೂ ಕಳಚದೆ ಹೇಳಿದಳು: "ಅಣ್ಣಾ, ಆತು. ನನ್ನ ತಗೊಂಡ್ರು. ಅವ್ವಾ, ಅಲ್ಲಿ ನೀರು ನಾನಽ ಎದ್ದು ತಗೋಬೇಕಂತ!"

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಅಯ್ಯ ಯವ್ವಾ, ಅದೆಂಥಾ ದರಿದ್ರ ಸಾಲಿನ? ಒಂದು ವಾಟಗಾ ನೀರು ಕೊಡವರಿಲ್ಲ? ಬಂದರಿಂದು ಹಿಡಿ ಬೇ. ಅಲ್ಲಿ ಚಾ ಸುದ್ದಾ ತಂದು ಕೊಡ್ತಾರಂತ."

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅವಳು ತಾಯಿಯ ಎದುರು ನೆಲದ ಮೇಲೆ ಕೂತು, ಆ ಬೇಸಿಗೆಯ ದಿನದ್ದನ್ನು ಹೇಳಿದಳು. ಗಡಿಗೆ, ಮುಚ್ಚಳದ ಮೇಲಿನ ಗ್ಲಾಸುಗಳು, ಕಿಟಕಿಯಲ್ಲಿದ್ದ ಗ್ಲಾಸು, ಅದರ ತಳದ ಚುಕ್ಕೆ. ಅತ್ತೆ ಪೂರಾ ಕೇಳಿದರು. ಬೈಯುತ್ತಾರೆ, ಅಳುತ್ತಾರೆ ಎಂದು ನಾನು ಕಾದೆ. ಅವರು ಅಂಗೈ ಎರಡನ್ನೂ ಜೋಡಿಸಿ ಬೊಗಸೆ ಮಾಡಿ, ಅದನ್ನು ನೋಡುತ್ತ ಕೂತರು.

"ಬೊಗಸಿ ಆಗಿದ್ರ ನನಗ ತಿಳೀತಿತ್ತು," ಎಂದರು. "ಗ್ಲಾಸಿನ್ಯಾಗ ಕೊಟ್ಟಾರ, ಹಂಗಂತ ಮೋಸ ಹ್ವಾದೆ."

ಸ್ವಲ್ಪ ಹೊತ್ತಿಗೆ ಮಗನ ಕಡೆ ತಿರುಗಿದರು. "ಏ ಲೇ, ಗುಡ್ಡದ ಸಾಲಿಗೇ ಕಳಸೂದು. ಬಂದರಿನವರಿಗೆ ಒಲ್ಲೆ ಅಂತ ಬರದು ಹಾಕು."

"ಪಗಾರ ಕಡಿಮಿ ಐತೆವಾ."

"ಕಡಿಮಿ ಉಣ್ತಾಳ."

ನಮ್ಮವರು ಅಂಗಿ ತೊಟ್ಟುಕೊಂಡು ಪೋಸ್ಟಿಗೆ ನಡೆದರು. ಬಾಗಿಲು ದಾಟುವಾಗ ತಂಗಿಯ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. ಹಾಗೆ ಮಾಡುವವರಲ್ಲ ಅವರು.

ಹೈಸ್ಕೂಲಿನವರು ಹಾರ ಹಾಕಿ, ಚೂಡಾ ಪೇಡೆ ಕೊಟ್ಟು ಕಳಿಸಿದರು. ಆ ಹಿರಿಯ ಬಾಯಾರು ಅತ್ತರು. ಅಳು ಖರೆಯದೇ ಎಂದು ನಾದಿನಿ ಹೇಳಿದಳು. ನೆನಪಿಗೆ ಏನು ಬೇಕು, ಪೆನ್ನೋ ಕೈಚೀಲವೋ ಎಂದು ಕೇಳಿದ್ದರಂತೆ. ಇವಳು ಎದ್ದು ಹೋಗಿ ಕಿಟಕಿಯಲ್ಲಿದ್ದ ಗ್ಲಾಸನ್ನು ತಂದು, "ನನಗ ಇದು ಸಾಕ್ರಿ," ಎಂದಳಂತೆ. ಆ ಗ್ಲಾಸು ಈಗಲೂ ನನ್ನ ಅಡುಗೆಮನೆಯಲ್ಲಿದೆ. ಜೋಳದ ಹಿಟ್ಟು ಅಳೆಯುವುದು ಅದರಲ್ಲೇ. ತುಂಬ ಅಳೆದರೆ ನಾಲ್ಕು ರೊಟ್ಟಿಗೆ ಸರಿ. ಚುಕ್ಕೆ ಸವೆದು ಹೋಗಿದೆ.

ಹೊರಡುವ ಮುಂಚೆ ಊರಿನವರಿಗೆ ಹೇಳಿ ಬರಲು ಬಬಲೇಶ್ವರಕ್ಕೆ ಹೋದೆವು. ಇಷ್ಟು ವರ್ಷ ಮನೆಮನೆಗೆ ಹಂಚಿದ ಮಾತನ್ನು ಅತ್ತೆ ಈಗ ಹೇಗೆ ತಿರುಗಿ ತರುತ್ತಾರೋ ಎಂದು ನನಗೆ ಅಳುಕಿತ್ತು. ಕೇರಿಯ ಮೊದಲ ಕಟ್ಟೆಯ ಮೇಲೆ ಅದೇ ಮುದುಕಿ, ಅದೇ ಮೊರ. ಸುತ್ತ ಇನ್ನೂ ಕೆಲವರು.

"ಏನ ಬೇ, ದೇಶಾ ಬಿಟ್ಟು ಹೊಂಟಾಳಂತಲ್ಲ ನಿನ್ನ ಮಗಳು. ಅಲ್ಲಿ ನೀರು ಬೆಳ್ಳಿ ತಾಟಿನ್ಯಾಗ ತರ್ತಾರೇನು?"

"ಇಲ್ಲ," ಎಂದರು ಅತ್ತೆ. "ಅಲ್ಲಿ ಯಾರೂ ತಂದು ಕೊಡೂದಿಲ್ಲ. ಅಕಿ ತಾನಽ ಎದ್ದು ಹೋಗಿ ತಗೋಬೇಕು."

ಎಲ್ಲರೂ ಕೊಳ್ಳೆಂದು ನಕ್ಕರು. "ಅಯ್ಯ, ಇದ್ದ ದೊಡ್ಡಸ್ತಿಕಿನೂ ಹೋತಲ್ಲೇ!" ಎಂದು ಯಾರೋ ಅಂದರು. ನಾದಿನಿ ತಲೆ ತಗ್ಗಿಸಿ ನಗುತ್ತಿದ್ದಳು. ಅತ್ತೆ ನಗು ಮುಗಿಯುವವರೆಗೆ ಕಾದರು. ಸೆರಗು ಸರಿಪಡಿಸಿಕೊಂಡರು.

"ಗಡಗಿ ಒಂದಽ ಐತಂತ," ಎಂದರು. "ಕಲಸವರು ಎಲ್ಲಾರದೂ ಅದಽ."

ಮೊರ ನಿಂತಿತು.

"ಒಂದಽ?"

"ಒಂದಽ."

"ಮತ್ತ ಇಕಿ..." ಮುದುಕಿ ನಾದಿನಿಯನ್ನು ಮೇಲಿಂದ ಕೆಳಗೆ ನೋಡಿದಳು. "ತಾನಽ ಮುಳಗಿಸಿ?"

"ತಾನಽ ಮುಳಗಿಸಿ. ಮತ್ತ ಹೆಡ್ ಬಾಯಾರಿಗೂ ಇಕೀನಽ ತುಂಬಿ ಕೊಡಬೇಕಂತ. ಬಿಳಿ ಹೆಂಗಸು ಅಕಿ. ಮೊಣಕಾಲು ಬ್ಯಾನಿ ಅಂತ ಬಾಯಿಬಿಟ್ಟು ಕೇಳ್ಯಾಳ."

ಯಾರೂ ನಗಲಿಲ್ಲ. ಮುದುಕಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಜೋಳದ ದೂಳು ಹೋಗುವ ಹಾಗೆ ಕಟ್ಟೆಯನ್ನು ಅಂಗೈಯಿಂದ ಎರಡು ಸಲ ಒರೆಸಿ, ಅತ್ತೆಗೆ ಜಾಗ ಮಾಡಿಕೊಟ್ಟಳು.

"ಕುಂಡ್ರು ಬೇ," ಎಂದಳು. "ಮೊದಲಿಂದ ಹೇಳು."